ದಿನದ ಚಿಂತನೆ: ಬುರುಡೆಯ ಮೇಲಿನ ಹೆಸರು



ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಕೆಲಸ ಮಾಡುವ ಮ್ಯೂನಿಕ್‌ಗೆ ಹೋಗಿದ್ದೆ. ಒಂದು ದಿನ ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಹಳ್ಳಿ ತೋರಿಸಿದ. ರೈಲು ಸರೋವರದ ಆಚೆ ದಡದಲ್ಲಿ ಇಳಿಸುತ್ತದೆ, ದೋಣಿಯಲ್ಲಿ ದಾಟಬೇಕು. ಬೆಟ್ಟಕ್ಕೂ ನೀರಿಗೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಊರು. 1890ರವರೆಗೆ ಅಲ್ಲಿಗೆ ರಸ್ತೆಯೇ ಇರಲಿಲ್ಲ.

ಊರ ಹಿಂದಿನಿಂದ ಉಪ್ಪಿನ ಗಣಿಯ ಕಾಲುದಾರಿ ಹತ್ತಿದೆವು. ಮೇಲಕ್ಕೆ ಎಳೆದೊಯ್ಯುವ ಪುಟ್ಟ ರೈಲೂ ಇದೆ, ಹುಡುಗ ಬಿಡಲಿಲ್ಲ. ಒಂದು ಗಂಟೆ ಏದುಸಿರು. ಮೇಲೆ ನಿಂತರೆ ಸುಮಾರು 350 ಮೀಟರ್ ಕೆಳಗೆ ಮನೆಗಳು ಬೆಂಕಿಪೊಟ್ಟಣದಂತೆ. ಇಲ್ಲಿ 7000 ವರ್ಷಗಳಿಂದ ಉಪ್ಪು ತೆಗೆಯುತ್ತಿದ್ದಾರೆ. 1734ರಲ್ಲಿ ಗಣಿಯೊಳಗೆ ಪ್ರಾಚೀನ ಕಾಲದ ಕೆಲಸಗಾರನೊಬ್ಬನ ಶವ ಸಿಕ್ಕಿತು, ಉಪ್ಪಿನಲ್ಲಿ ಕೆಡದೆ ಉಳಿದದ್ದು. ಯಾರೋ, ಹೆಸರಿಲ್ಲ.

ಇಳಿದು ಬಂದು ಚರ್ಚಿನ ಬಳಿಯ ಅಸ್ಥಿಗೃಹ ನೋಡಿದೆವು. ಸ್ಮಶಾನಕ್ಕೆ ಜಾಗ ಸಾಲದೆ, ಕೆಲವು ವರ್ಷಗಳ ನಂತರ ಸಮಾಧಿ ತೆರೆದು, ಬುರುಡೆಯನ್ನು ಬಿಸಿಲಿಗಿಟ್ಟು ಬಿಳುಪಾಗಿಸಿ, ಹೆಸರು, ಹೂಬಳ್ಳಿ ಬರೆದು ಸಾಲಾಗಿ ಇಡುತ್ತಿದ್ದರು. ಸುಮಾರು 1200 ಬುರುಡೆಗಳಿವೆ, ಅರ್ಧಕ್ಕೂ ಹೆಚ್ಚು ಬಣ್ಣ ಬರೆದವು. ಕೊನೆಯದು 1983ರಲ್ಲಿ ತೀರಿಕೊಂಡ ಹೆಂಗಸಿನದು, 1995ರಲ್ಲಿ ಇಟ್ಟದ್ದು. ಚಿನ್ನದ ಹಲ್ಲು ಹಾಗೇ ಇದೆ.

ಸತಿಪಟ್ಠಾನ ಸುತ್ತದಲ್ಲಿ ಭಗವಾನರು ಸ್ಮಶಾನದ ಒಂಬತ್ತು ನೋಟಗಳನ್ನು ಹೇಳಿದ್ದಾರೆ, ಊದಿಕೊಂಡ ಶವದಿಂದ ಪುಡಿಯಾದ ಮೂಳೆಯವರೆಗೆ. ಪ್ರತಿ ನೋಟದಲ್ಲೂ ನನ್ನ ದೇಹವೂ ಇದೇ ಸ್ವಭಾವದ್ದು ಎಂದು ತಿಳಿಯಬೇಕು. ಹೂಬಳ್ಳಿ ಕಂಡು ನನಗೆ ಮೊದಲು ನಗು ಬಂತು, ಮೂಳೆಗೂ ಹೆಸರಿನ ಆಸೆಯೇ ಎಂದು.

ಆಮೇಲೆ ತಾತ ನೆನಪಾದರು. ಊರ ಸ್ಮಶಾನದಲ್ಲಿ ಅವರಿಗೆ ಜಾಗ ಕೊಡಲಿಲ್ಲ. ಕೆರೆಯಂಗಳದಲ್ಲಿ ಮಣ್ಣು ಮಾಡಿದೆವು. ಆ ವರ್ಷವೇ ಕೆರೆ ತುಂಬಿತು, ಗುರುತಿಗಿಟ್ಟ ಕಲ್ಲೂ ಮುಳುಗಿತು. ಹೆಸರು ಅನಿತ್ಯ ಎಂದು ನಾನೂ ಈ ಬಳಗದಲ್ಲಿ ಪಾಠ ಮಾಡಿದ್ದೇನೆ. ಆದರೆ ತಾತನಿಗೆ ಬಿಡಲು ಹೆಸರೆಲ್ಲಿತ್ತು? ಊರವರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. 'ಲೇ' ಅಷ್ಟೆ.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಂತೆ ನಮ್ಮ ಮನೆಯಲ್ಲಿ ಶ್ರಾದ್ಧ, ಪಿಂಡ ಬಿಟ್ಟಿದ್ದೇವೆ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದರ ಜೊತೆಗೆ ಹಿರಿಯರ ಹೆಸರನ್ನೂ ಬಿಟ್ಟುಬಿಟ್ಟೆವೇನೋ ಅನ್ನಿಸಿತು.

ಭಾನುವಾರ ಬರುವಾಗ ಎಲ್ಲರೂ ನಿಮ್ಮ ಮನೆಯ ಹಿರಿಯರ ಹೆಸರು ಒಂದು ಹಾಳೆಯಲ್ಲಿ ಬರೆದು ತನ್ನಿ, ಗೊತ್ತಿರುವಷ್ಟು. ನನಗೆ ಮುತ್ತಜ್ಜಿಯ ಹೆಸರು ಗೊತ್ತಿಲ್ಲ. ಅವ್ವನನ್ನು ಕೇಳಬೇಕು. ಅವ್ವನಿಗೂ ಈಗ 78.