ಟಿಕೆಟ್ ಅವರದು, ಓಟು ನಿನ್ನದು

ಮಗನೇ, ನಮ್ಮೂರು ಹದಿನಾರಿನಿಂದ ನಿನ್ನ ದೊಡ್ಡಪ್ಪ ಬರೆಯುವುದು.

ಹಬ್ಬಕ್ಕೆ ಬಂದಿದ್ದಾಗ ಜಗಲಿ ಮೇಲೆ ಕೂತು ನೀನೂ ನಿನ್ನ ಗೆಳೆಯರೂ ಆಡಿಕೊಂಡ ಮಾತು ನನ್ನ ಕಿವಿಗೂ ಬಿತ್ತು. ‘ಮುಂದಿನ ಸಲ ನಮ್ಮಣ್ಣನಿಗೆ ಟಿಕೆಟ್ ತಪ್ಪಿಸಿದರೆ ಪಕ್ಷಕ್ಕೆ ಬುದ್ಧಿ ಕಲಿಸ್ತೀವಿ, ಇಡೀ ಬೀದಿ ನೋಟಾ ಒತ್ತುತ್ತೆ’ ಅಂದೆ. ಎದುರಿಗೆ ಹೇಳಿದರೆ ನಾಲ್ಕು ಜನರ ಮುಂದೆ ನಿನಗೆ ಬೇಸರವಾದೀತು ಅಂತ ಸುಮ್ಮನಿದ್ದೆ. ನಿನ್ನ ವಯಸ್ಸಿನವರು ಊರೂರಲ್ಲೂ ಇದೇ ಮಾತು ಆಡುತ್ತಿದ್ದಾರೆ. ಅದಕ್ಕೇ ಎಲ್ಲರೂ ಓದಲಿ ಅಂತ ಈ ಕಾಗದ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ಸುಳ್ಳಲ್ಲ ಕಣಪ್ಪ. ಅಮೆರಿಕದಲ್ಲಿ ಒಂದು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಎಂದು ರಾಜ್ಯ ರಾಜ್ಯಗಳಲ್ಲೂ ಜನರೇ ಓಟು ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಪಟ್ಟಿ ತಯಾರಾಗುತ್ತದೆ, ಬಿ ಫಾರಂ ಯಾರ ಕೈಗೆ ಸಿಕ್ಕಿತು ಅನ್ನುವುದು ಬೂತಿನಲ್ಲಿ ಬಿಸಿಲಿಗೆ ಕೂರುವ ಹುಡುಗನಿಗೆ ಟಿವಿಯಿಂದ ಗೊತ್ತಾಗುತ್ತದೆ. ಇದು ಅನ್ಯಾಯವೇ. ಆದರೆ ಆ ಅನ್ಯಾಯಕ್ಕೆ ನಿನ್ನ ಓಟನ್ನು ದಂಡ ಕಟ್ಟಬೇಕೇ ಅನ್ನುವುದು ನನ್ನ ಪ್ರಶ್ನೆ.

2018ರ ಏಪ್ರಿಲ್ 23ನೇ ತಾರೀಕು ನಂಜನಗೂಡಿನಲ್ಲಿ ನಡೆದದ್ದನ್ನು ನಿಮ್ಮಪ್ಪನನ್ನು ಕೇಳು. ವರುಣ ಕ್ಷೇತ್ರಕ್ಕೆ ಬಿ.ವೈ. ವಿಜಯೇಂದ್ರ ಬಿಜೆಪಿ ಅಭ್ಯರ್ಥಿ ಅಂತ ವಾರಗಟ್ಟಲೆ ಹಳ್ಳಿಹಳ್ಳಿಯಲ್ಲಿ ಪ್ರಚಾರ ನಡೆದಿತ್ತು. ಆವತ್ತು ಯಡಿಯೂರಪ್ಪನವರೇ ವೇದಿಕೆ ಮೇಲೆ ನಿಂತು, ನನ್ನ ಮಗ ಇಲ್ಲಿಂದ ನಿಲ್ಲುವುದಿಲ್ಲ ಎಂದು ಹೇಳಿದರು. ಕುರ್ಚಿಗಳು ಹಾರಿದವು, ಪೊಲೀಸರು ಲಾಠಿ ಬೀಸಿದರು. ಪಕ್ಷ ಟಿ. ಬಸವರಾಜು ಅವರನ್ನು ನಿಲ್ಲಿಸಿತು. ಕಾಂಗ್ರೆಸ್ಸಿನ ಯತೀಂದ್ರ 58 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಅವರು ಹೇಗಿದ್ದರೂ ಗೆಲ್ಲುತ್ತಿದ್ದರು ಅನ್ನುವವರಿದ್ದಾರೆ, ಇರಬಹುದು. ನನಗೆ ಕಾಡುವುದು ಬೇರೆ. ಯಾರಿಗಾಗಿ ಕುರ್ಚಿ ಮುರಿದರೋ ಆ ವಿಜಯೇಂದ್ರ ಮುಂದೆ ಪಕ್ಷದ ರಾಜ್ಯಾಧ್ಯಕ್ಷರಾದರು. ಲಾಠಿ ಏಟು ತಿಂದ ಹುಡುಗರು ಹಳ್ಳಿಗೆ ವಾಪಸ್ ಬಂದು ಮೈಗೆ ಎಣ್ಣೆ ತಿಕ್ಕಿಸಿಕೊಂಡರು.

ಇನ್ನು ನೋಟಾ. ಅದು 2013ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂದ ಹಕ್ಕು. ಪಟ್ಟಿಯಲ್ಲಿರುವ ಒಬ್ಬನೂ ಯೋಗ್ಯನಲ್ಲ ಎಂದು ಎಲ್ಲರನ್ನೂ ತೂಗಿ ನೋಡಿ ಒತ್ತಿದರೆ ನಾನು ಬೇಡ ಅನ್ನುವುದಿಲ್ಲ. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟೇ ಓಟು ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವನೇ ಗೆದ್ದ ಹಾಗೆ. ನೀನು ಯಾರಿಗೆ ಬುದ್ಧಿ ಕಲಿಸಲು ಹೊರಟೆಯೋ ಅವರು ಬೆಂಗಳೂರಿನಲ್ಲಿ ಎಂದಿನಂತೆ ಇರುತ್ತಾರೆ. ಐದು ವರ್ಷ ಆ ಶಾಸಕನ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದವರು ನಾವು.

2019ರ ಚಾಮರಾಜನಗರ ಲೋಕಸಭೆ ನೆನಪಿದೆಯಾ? ನಂಜನಗೂಡು, ವರುಣ, ಟಿ. ನರಸೀಪುರ ಮೂರೂ ಅದಕ್ಕೇ ಸೇರಿದವು. ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಅವರು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರನ್ನು ಸೋಲಿಸಿದ್ದು 1,817 ಓಟಿನಿಂದ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿ ನೋಡು, ಒಂದೊಂದಕ್ಕೆ 230 ಓಟೂ ಬರುವುದಿಲ್ಲ. ನೋಟಾಕ್ಕೆ ಬಿದ್ದ ಓಟು ಈ ಅಂತರಕ್ಕಿಂತ ಎಷ್ಟೋ ಹೆಚ್ಚು. ಅದೇ ಧ್ರುವನಾರಾಯಣ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಅವರೆದುರು ಗೆದ್ದದ್ದು ಒಂದೇ ಒಂದು ಓಟಿನಿಂದ: 40,752ಕ್ಕೆ 40,751. ಆವತ್ತು ಕೆಲಸವಿದೆ ಅಂತಲೋ ಮನಸ್ಸಿಲ್ಲ ಅಂತಲೋ ಮನೆಯಲ್ಲಿ ಉಳಿದ ಆ ಸೀಮೆಯ ಪ್ರತಿಯೊಬ್ಬನೂ ಆಮೇಲೆ ಏನಂದುಕೊಂಡಿರಬೇಕು ಯೋಚಿಸು. ಧ್ರುವನಾರಾಯಣ, ಕೃಷ್ಣಮೂರ್ತಿ ಇಬ್ಬರೂ ಮುಂದೆ ಒಂದೇ ಪಕ್ಷದಲ್ಲಿದ್ದರು ಅನ್ನುವುದನ್ನೂ ಮರೆಯಬೇಡ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಹೊಟ್ಟೆಯಲ್ಲಿರುವ ಸಂಕಟ ಇದೇ. 2013ರಲ್ಲಿ ನಂಜನಗೂಡಿನಲ್ಲಿ ಶ್ರೀನಿವಾಸಪ್ರಸಾದ್ ಕಾಂಗ್ರೆಸ್, ಕಳಲೆ ಕೇಶವಮೂರ್ತಿ ಜೆಡಿಎಸ್. ಪ್ರಸಾದ್ ಗೆದ್ದು ಮಂತ್ರಿಯಾದರು. 2016ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಂಪುಟದಿಂದ ಕೈಬಿಟ್ಟಾಗ ಮನನೊಂದು ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2017ರ ಏಪ್ರಿಲ್ ಉಪಚುನಾವಣೆಯಲ್ಲಿ ಅದೇ ಕಳಲೆಯವರು ಕಾಂಗ್ರೆಸ್ಸಿನಿಂದ ನಿಂತು ಅದೇ ಪ್ರಸಾದರನ್ನು 21,334 ಓಟಿನಿಂದ ಸೋಲಿಸಿದರು. ಮರುವರ್ಷವೇ ಪ್ರಸಾದರ ಅಳಿಯ ಹರ್ಷವರ್ಧನ ಕಳಲೆಯವರನ್ನು ಸೋಲಿಸಿದರು. ಒಂದೇ ಗೋಡೆಯ ಮೇಲೆ ನಾಲ್ಕು ವರ್ಷದಲ್ಲಿ ಒಂದೇ ಮುಖಕ್ಕೆ ಬೇರೆ ಬೇರೆ ಗುರುತು ಬಂದವು. ನಾಯಕರು ದಾಟಿದಾಗಲೆಲ್ಲ ಹಿಂಬಾಲಕರೂ ದಾಟಬೇಕಾಯಿತು. ದಾಟಿದವರನ್ನು ಉಳಿದವರು ದ್ರೋಹಿ ಅಂದರು. ಅಣ್ಣತಮ್ಮಂದಿರು ಮಾತು ಬಿಟ್ಟರು, ಮದುವೆಗೆ ಕರೆಯೋಲೆ ನಿಂತವು. 2024ರ ಏಪ್ರಿಲ್‌ನಲ್ಲಿ ಸಿದ್ದರಾಮಯ್ಯನವರು ಮೈಸೂರಿನ ಪ್ರಸಾದರ ಮನೆಗೆ ಹೋಗಿ ಪಕ್ಕದಲ್ಲಿ ಕೂತು ಮಾತಾಡಿದರು. ಅದೇ ತಿಂಗಳ 29ಕ್ಕೆ ಪ್ರಸಾದ್ ತೀರಿಕೊಂಡರು. ದೊಡ್ಡವರು ಹಾಗೆ ಕಲೆತದ್ದು ಒಳ್ಳೆಯದೇ ಆಯಿತು, ನನಗೆ ಸಂತೋಷವಾಯಿತು. ಹಳ್ಳಿಯಲ್ಲಿ ಅವರ ಹೆಸರು ಹೇಳಿ ಮುಖ ತಿರುಗಿಸಿಕೊಂಡ ಮನೆಗಳ ನಡುವೆ ಯಾರು ಹೋಗಿ ಕೂತು ಮಾತಾಡಬೇಕು?

ಹೀಗಲ್ಲದ ಉದಾಹರಣೆಯೂ ನಮ್ಮ ಸೀಮೆಯಲ್ಲೇ ಇದೆ. 2023ಕ್ಕೆ ನಂಜನಗೂಡಿನ ಕಾಂಗ್ರೆಸ್ ಟಿಕೆಟ್ಟಿಗೆ ಧ್ರುವನಾರಾಯಣ ಮತ್ತು ಡಾ. ಎಚ್.ಸಿ. ಮಹದೇವಪ್ಪ ಇಬ್ಬರೂ ಪಟ್ಟು ಹಿಡಿದಿದ್ದರು, ಎರಡೂ ಕಡೆಯ ಬೆಂಬಲಿಗರು ಕಾವೇರಿದ್ದರು. ಮಾರ್ಚ್ 11ರಂದು ಧ್ರುವನಾರಾಯಣ ಹೃದಯಾಘಾತದಿಂದ ಹೋಗಿಬಿಟ್ಟರು. ಮಹದೇವಪ್ಪನವರು ಧ್ರುವನಾರಾಯಣರ ಮಗ ದರ್ಶನ್ ಅವರಿಗಾಗಿ ಹಿಂದೆ ಸರಿದು ಟಿ. ನರಸೀಪುರದಲ್ಲೇ ನಿಂತರು. ಒಂದು ತಿಂಗಳೊಳಗೆ ಆ ಹುಡುಗನ ತಾಯಿಯೂ ತೀರಿಕೊಂಡರು. ಜೆಡಿಎಸ್ ಅಭ್ಯರ್ಥಿಯನ್ನೇ ಹಾಕದೆ ಬೆಂಬಲ ಕೊಟ್ಟಿತು. ದರ್ಶನ್ 47 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು, ಮಹದೇವಪ್ಪನವರೂ ನರಸೀಪುರದಲ್ಲಿ ಗೆದ್ದು ಮಂತ್ರಿಯಾದರು. ಸಾವಿನ ಮನೆಯಲ್ಲಿ ಒಂದಾಗುವುದು ಮನುಷ್ಯರಿಗೆ ಸಹಜ. ಸಾವಿಲ್ಲದೆಯೂ ಅಷ್ಟು ದೊಡ್ಡ ಮನಸ್ಸು ಬರಬೇಕು ಅನ್ನುವುದು ನನ್ನ ಆಸೆ.

ಅಮೆರಿಕದ ಮಾತು ತೆಗೆದೆನಲ್ಲ, ಅಲ್ಲೂ ಇದೇ ಗೋಳು. 2016ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ಬರ್ನಿ ಸ್ಯಾಂಡರ್ಸ್, ಹಿಲರಿ ಕ್ಲಿಂಟನ್ ನಡುವೆ ತಿಂಗಳುಗಟ್ಟಲೆ ಪೈಪೋಟಿ ನಡೆಯಿತು. ಸೋತ ಸ್ಯಾಂಡರ್ಸ್ ಫಿಲಡೆಲ್ಫಿಯಾದ ಸಮಾವೇಶದಲ್ಲಿ ತಾವೇ ಎದ್ದು ನಿಂತು ಹಿಲರಿಯವರ ಹೆಸರನ್ನು ಸೂಚಿಸಿದರು. ಆದರೂ ಅವರ ಅಭಿಮಾನಿಗಳಲ್ಲಿ ಕೆಲವರ ಮುನಿಸು ಇಳಿಯಲಿಲ್ಲ. ಮುಂದೆ ಅಧ್ಯಕ್ಷ ಚುನಾವಣೆಯಲ್ಲಿ ಮಿಷಿಗನ್ ರಾಜ್ಯವನ್ನು ಹಿಲರಿ ಕಳೆದುಕೊಂಡದ್ದು ಸುಮಾರು 10,700 ಓಟಿನಲ್ಲಿ. ನಾಯಕ ಕೈ ಎತ್ತಿ ಇನ್ನೊಬ್ಬರನ್ನು ಒಪ್ಪಿದ ಮೇಲೂ ಹಿಂಬಾಲಕನ ಎದೆಯಲ್ಲಿ ಬೆಂಕಿ ಉಳಿದಿರುತ್ತದೆ. ಅದನ್ನು ನಾಯಕ ಬಂದು ಆರಿಸುವುದಿಲ್ಲ, ನಾವೇ ಆರಿಸಿಕೊಳ್ಳಬೇಕು.

ಹಾಗಂತ ಪಕ್ಷ ಯಾರನ್ನು ನಿಲ್ಲಿಸಿದರೂ ತಲೆ ಬಗ್ಗಿಸಿ ಓಟು ಹಾಕು ಅಂತ ನಾನು ಹೇಳುವವನಲ್ಲ. ದುಡ್ಡು ಹಂಚಿಯೇ ಗೆಲ್ಲುವವನು, ಕೇರಿ ಕೇರಿಗೆ ಜಗಳ ಹಚ್ಚುವವನು, ಗೆದ್ದ ಮೇಲೆ ಊರಿನ ಕಡೆ ತಲೆ ಹಾಕದವನು ನಿಂತರೆ ಪಕ್ಷ ಬಿಟ್ಟು ಇನ್ನೊಬ್ಬನಿಗೆ ಹಾಕು, ಯಾಕೆ ಹಾಕಿದೆ ಅಂತ ನಾಲ್ಕು ಜನಕ್ಕೆ ಧೈರ್ಯವಾಗಿ ಹೇಳು. ಅದು ಮತದಾರನ ಲಕ್ಷಣ. ಟಿಕೆಟ್ ಹಂಚುವ ಮೊದಲು ಎಷ್ಟು ಬೇಕೋ ಅಷ್ಟು ಜಗಳ ಮಾಡು. ಬ್ಲಾಕ್ ಸಭೆಯಲ್ಲಿ ಎದ್ದು ನಿಂತು ಕೇಳು, ಸಹಿ ಹಾಕಿಸಿ ಕಳಿಸು. ಹಗಲು ಬಾವುಟ ಹಿಡಿದು ರಾತ್ರಿ ಒಳೇಟು ಕೊಡುವ ಕೆಲಸ ಮಾತ್ರ ನಿನ್ನಿಂದ ಆಗಬಾರದು. ಅದರಿಂದ ಪಕ್ಷ ಸೋಲುವುದಿರಲಿ, ನಿನ್ನ ಮಾತಿಗೆ ಬೆಲೆ ಹೋಗುತ್ತದೆ.

ಇನ್ನೊಂದು ನೋವಿದೆ. ಟಿಕೆಟ್ಟಿಗಾಗಿ ಬೀದಿಗಿಳಿಯುವ ಹುಡುಗರು ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆ ನಡೆಸಿ ಅಂತ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ. 2016ರಲ್ಲಿ ಆರಿಸಿದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಚುನಾವಣೆ ಮುಂದೆ ಹೋಗಿ, ವರ್ಷಗಟ್ಟಲೆ ಎಲ್ಲವೂ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯಿತು. ಈ ನಡುವೆ ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದರದು ಬಂತು. ಯಾರಿಗೆ ಟಿಕೆಟ್ ಅನ್ನುವುದಕ್ಕಿಂತ ಇದು ನಿನ್ನ ಮನೆ ಮುಂದಿನ ಚರಂಡಿಗೆ ಹತ್ತಿರದ ಪ್ರಶ್ನೆ.

ನಮ್ಮ ಹದಿನಾರಿನ, ಅಂದರೆ ಹಿಂದಿನ ಹದಿನಾಡಿನ, ಕತೆ ನಿನಗೆ ಗೊತ್ತು. ಮೈಸೂರು ಒಡೆಯರ ಮೂಲಪುರುಷ ಯದುರಾಯರು 1399ರಲ್ಲಿ ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ಇಲ್ಲಿನ ಹೆಣ್ಣನ್ನು ಮದುವೆಯಾಗಿ ದೊರೆಯಾದರು ಅಂತ ಹಿರಿಯರು ಹೇಳುತ್ತಾರೆ. ಯಾರು ಆಳಬೇಕು ಅಂತ ಅಂದು ಊರಿನವರನ್ನು ಯಾರೂ ಕೇಳಲಿಲ್ಲ. ಇಂದು ಕೇಳುತ್ತಾರೆ. ಯಂತ್ರದ ಮುಂದೆ ನಿಂತು ಗುಂಡಿ ಒತ್ತಿದರೆ ಪಕ್ಕದ ಗಾಜಿನೊಳಗೆ ಚೀಟಿ ಏಳು ಸೆಕೆಂಡು ಕಾಣುತ್ತದೆ, ಆಮೇಲೆ ಪೆಟ್ಟಿಗೆಗೆ ಬೀಳುತ್ತದೆ. ಆ ಏಳು ಸೆಕೆಂಡಿನಲ್ಲಿ ನಿನ್ನಣ್ಣನ ಮುಖ ನೆನಪಾಗುವುದು ಬೇಡ. ಶಾಲೆ ಮೇಷ್ಟ್ರು, ನಾಲೆ ನೀರು, ಆಸ್ಪತ್ರೆ, ಇವನ್ನು ನೆನೆ.

ಈಗ ಕೆಲಸದ ಮಾತು. ನೀನು ನಂಜನಗೂಡಿನ ಫ್ಯಾಕ್ಟರಿ ಹತ್ತಿರ ಮನೆ ಮಾಡಿದ್ದೀಯ, ಹೆಸರು ಯಾವ ಪಟ್ಟಿಯಲ್ಲಿದೆ ನೋಡಿಕೋ. ನಮ್ಮ ತಾಲ್ಲೂಕಿನ ಎಲ್ಲ ಊರೂ ಒಂದೇ ಕ್ಷೇತ್ರಕ್ಕೆ ಸೇರಿಲ್ಲ, ವಿಳಾಸ ಬದಲಾಗಿದ್ದರೆ ಫಾರಂ 8 ಕೊಡಬೇಕು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಹೇಳುತ್ತದೆ, ಸೂಪರ್‌ವೈಸರ್ ತಕರಾರು ಮಾಡಿದರೆ ಅದನ್ನು ತೋರಿಸು. ಜೊತೆಯ ಹುಡುಗರಿಗೂ ಹೇಳು. ಮತ್ತೆ 2017ರಿಂದ ನೀನು ಮಾತು ಬಿಟ್ಟಿರುವ ಕೆಳಗಿನ ಬೀದಿಯ ಗೆಳೆಯನಿಗೆ ಮಗುವಾಗಿದೆ. ಮುಂದಿನ ವಾರ ಊರಿಗೆ ಬಂದಾಗ ಹೋಗಿ ನೋಡಿ ಬಾ, ನಾನೂ ಜೊತೆಗೆ ಬರುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ
ಹದಿನಾರು