ಐದು ಸಾವಿರ, ಐದು ವರ್ಷದ ಮೇಲೆ

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗಳ ಹಿಂದಿನ ಓಣಿಯೊಂದರಲ್ಲಿ ಖೋಲಿ ಬಾಡಿಗೆ ಹಿಡಿದು ಮಗಳೊಂದಿಗೆ ಇರುವ ಹೆಣ್ಣುಮಗಳಿಗೆ 2020ರಲ್ಲಿ ಕೋರ್ಟು ತಿಂಗಳಿಗೆ 5,000 ರೂಪಾಯಿ ಮಧ್ಯಂತರ ಜೀವನಾಂಶ ಗೊತ್ತುಮಾಡಿತು ಎಂದಿಟ್ಟುಕೊಳ್ಳಿ. ಮುಖ್ಯ ಕೇಸು ಇನ್ನೂ ವಾಯಿದೆ ಮೇಲೆ ವಾಯಿದೆ ಬೀಳುತ್ತ ನಡೆದಿದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದವು ಎಂದು ಹಿಡಿದರೆ, ಐದು ವರ್ಷದ ಮೇಲೆ ಆ 5,000ಕ್ಕೆ ಬರುವುದು ಮೊದಲು ಸುಮಾರು 3,900ಕ್ಕೆ ಬರುತ್ತಿದ್ದಷ್ಟೇ ಸಾಮಾನು. ಅಂದಿನಷ್ಟೇ ಕಿರಾಣಿ ತರಬೇಕೆಂದರೆ 6,380 ಬೇಕು. ಆದೇಶದ ಒಂದಕ್ಷರವೂ ಬದಲಾಗಿಲ್ಲ, ಆದರೆ ತಿಂಗಳಿಗೆ ಸಾವಿರಕ್ಕೂ ಮೇಲ್ಪಟ್ಟು ಕರಗಿಹೋಗಿದೆ. ಅಂಗನವಾಡಿಗೆ ಹೋಗುತ್ತಿದ್ದ ಮಗಳು ಈಗ ಮೂರನೆಯ ತರಗತಿ, ಆಟೋ ಬಾಡಿಗೆ ಬೇರೆ. ಇಂಥ ಹೊತ್ತಿನಲ್ಲಿ ಜೀವನಾಂಶ ಹೆಚ್ಚಿಸಿ ಎಂದು ಅರ್ಜಿ ಹಾಕಿದರೆ 'ಎಷ್ಟು ಕೊಟ್ಟರೂ ಸಾಲದು' ಎಂಬ ಮಾತು ಬರುತ್ತದೆ. ವರ್ಷಗಟ್ಟಲೆ ಮನೆವಾರ್ತೆಯ ಜಮಾ-ಖರ್ಚು ನೋಡಿ ಬರೆಯುತ್ತ ಬಂದ ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಂಥ ಅರ್ಜಿಯ ಮೊದಲ ಪಾಲು ಹೊಸದೇನನ್ನೂ ಬೇಡುವುದಿಲ್ಲ. ಕೋರ್ಟು ಅಂದು ಕೊಟ್ಟದ್ದನ್ನು ಇಂದಿಗೂ ಅಷ್ಟೇ ಬೆಲೆಯದಾಗಿ ಉಳಿಸಿಕೊಡಿ ಎಂದಷ್ಟೇ ಕೇಳುತ್ತದೆ.

ಹೆಸರು ಮಧ್ಯಂತರವಾದರೂ ನಮ್ಮಲ್ಲಿ ಅದೇ ವರ್ಷಾನುಗಟ್ಟಲೆ ಹೊಟ್ಟೆ ತುಂಬಿಸಬೇಕಾದ ಮೊತ್ತ. 1955ರ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಪ್ರಕಾರ ನೋಟಿಸು ಜಾರಿಯಾದ 60 ದಿನದಲ್ಲಿ, ಸಾಧ್ಯವಾದಷ್ಟರ ಮಟ್ಟಿಗೆ, ಈ ಅರ್ಜಿ ಮುಗಿಯಬೇಕು. ನಡೆಯುವುದು ಹೇಗೆ ಎಂಬುದಕ್ಕೆ ದೇಶಕ್ಕೆಲ್ಲ ಮಾರ್ಗಸೂಚಿ ಕೊಟ್ಟ ರಜನೀಶ್-ನೇಹಾ ಪ್ರಕರಣವೇ ಸಾಕ್ಷಿ. ಅಲ್ಲಿ ಜೀವನಾಂಶದ ಲೆಕ್ಕ 2013ರ ಸೆಪ್ಟೆಂಬರಿನಿಂದ ಶುರು, ಕೆಳಗಿನ ಕೋರ್ಟಿನ ಆದೇಶ 2015ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು 2020ರ ನವೆಂಬರ್ 4ರಂದು. ಆ 2015ರ ಆದೇಶದಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಮಗನಿಗೆ ಮೊದಲ ಎರಡು ವರ್ಷಕ್ಕೆ ತಿಂಗಳಿಗೆ 5,000, ಆಮೇಲೆ 10,000 ಎಂದು ಅಲ್ಲೇ ಏರಿಕೆ ಬರೆಯಲಾಗಿತ್ತು. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ ಎಂದು ಆ ನ್ಯಾಯಾಧೀಶರು ಆದೇಶದಲ್ಲೇ ಒಪ್ಪಿಕೊಂಡಂತಾಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೋಲ್ಕತ್ತದ ಒಂದು ವಿಚ್ಛೇದನ ಪ್ರಕರಣದಲ್ಲಿ ತಿಂಗಳಿಗೆ 50,000 ರೂಪಾಯಿ ಶಾಶ್ವತ ಜೀವನಾಂಶ ಕೊಟ್ಟು, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯನ್ನೂ ಅದರಲ್ಲೇ ಸೇರಿಸಿತು. ಮಧ್ಯಂತರ ಆದೇಶಗಳಲ್ಲೂ ಇಂಥ ಒಂದು ಸಾಲು ಬಂದರೆ ಹೆಚ್ಚಳ ಕೇಳುವ ಅರ್ಧದಷ್ಟು ಅರ್ಜಿಗಳಿಗೆ ಕೆಲಸವೇ ಇರುವುದಿಲ್ಲ ಎಂಬುದು ನನ್ನ ನಂಬಿಕೆ.

ಹಾಗಾದರೆ ಆರು ಲಕ್ಷ ಕೇಳಿದವರ ಕಥೆ ಏನು ಎಂದು ಕೇಳುವವರಿದ್ದಾರೆ. 2024ರ ಆಗಸ್ಟಿನಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಲಲಿತಾ ಕನ್ನೆಗಂಟಿ ಅವರ ಮುಂದೆ ಬಂದ ಆ ಬೇಡಿಕೆ ತಿಂಗಳಿಗೆ 6,16,300 ರೂಪಾಯಿಯದು. ಫ್ಯಾಮಿಲಿ ಕೋರ್ಟು ಕೊಟ್ಟಿದ್ದು 50,000. ಅಷ್ಟು ಖರ್ಚು ಮಾಡಬೇಕೆಂದರೆ ಅವರೇ ದುಡಿಯಲಿ ಎಂದು ನ್ಯಾಯಮೂರ್ತಿಗಳು ಹೇಳಿದ ವಿಡಿಯೊ ಊರೂರು ಸುತ್ತಿತು. ಅದೇ ವರ್ಷದ ಆರಂಭದಲ್ಲಿ, ಅದೇ ಹೈಕೋರ್ಟಿನಲ್ಲಿ, ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಒಬ್ಬ ತಾಯಿಯ ಮಧ್ಯಂತರ ಜೀವನಾಂಶವನ್ನು 18,000ದಿಂದ 36,000ಕ್ಕೆ ಏರಿಸಿದರು. ಗಂಡ ಬ್ಯಾಂಕ್ ಮ್ಯಾನೇಜರ್. ಮಕ್ಕಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಹೆಂಡತಿಯನ್ನು ಸೋಮಾರಿ ಎನ್ನಲಾಗದು, ತಾಯ್ತನ ಹಗಲು-ರಾತ್ರಿಯ ದುಡಿಮೆ ಎಂದು ಆ ತೀರ್ಪು ಹೇಳಿತು. ಈ ಎರಡನೆಯ ಸುದ್ದಿ ಅಷ್ಟಾಗಿ ಸುತ್ತಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೋರ್ಟು ಹೆಣ್ಣಿನ ಪರವೂ ಅಲ್ಲ, ವಿರುದ್ಧವೂ ಅಲ್ಲ ಎಂದು ತಿಳಿಯುತ್ತದೆ. ಕೇಳಿದ ಅಂಕಿಗೂ ಬದುಕಿದ ಬದುಕಿಗೂ ಗಂಡನ ದುಡಿಮೆಗೂ ತಾಳೆಯಾದಲ್ಲಿ ಕೊಟ್ಟಿತು, ಆಗದಲ್ಲಿ ಕೊಡಲಿಲ್ಲ. ಒಬ್ಬರು ಹಿಗ್ಗಿಸಿ ಬರೆದ ಪಟ್ಟಿಯನ್ನು ತೋರಿಸಿ ಉಳಿದವರ ಬಾಯಿ ಮುಚ್ಚಿಸುವುದು ಅನ್ಯಾಯ.

ಸಂಬಳದವರ ಲೆಕ್ಕದಲ್ಲಿ ಜಗಳವೆಲ್ಲ ಪೇ ಸ್ಲಿಪ್ಪಿನ ಬಲಗಡೆಯ ಕಾಲಂನಲ್ಲಿರುತ್ತದೆ. ಎಡಗಡೆ ಮೂಲವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಬಲಗಡೆ ಪಿಎಫ್, ಎಲ್‌ಐಸಿ, ಸೊಸೈಟಿ ಸಾಲ, ಗಾಡಿ ಸಾಲದ ಕಂತು. ಕೇಸು ಬಿದ್ದ ಮೇಲೆ ಬಲಗಡೆ ಸಾಲುಗಳು ಹೆಚ್ಚಿ, 'ಕೈಗೆ ಬರೋದೇ ಇಷ್ಟು' ಎಂಬ ವಾದ ಹುಟ್ಟುತ್ತದೆ. ಸಾಲದ ಕಂತು, ವಿಮೆ, ಪಿಎಫ್ ಕೊನೆಗೆ ಗಂಡನ ಆಸ್ತಿಯಾಗಿಯೇ ಉಳಿಯುವಂಥವು, ಅವನ್ನು ಮುಂದಿಟ್ಟು ಜೀವನಾಂಶ ಇಳಿಸಲಾಗದು ಎಂದು ನಮ್ಮ ಹೈಕೋರ್ಟು 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಣಕಾಸಿನ ದೃಷ್ಟಿಯಿಂದಲೂ ಅದು ಸರಿ. ಉಳಿತಾಯಕ್ಕೆ ಹೋದ ದುಡ್ಡು ಖರ್ಚಾದ ದುಡ್ಡಲ್ಲ.

ನಮ್ಮ ಜಿಲ್ಲೆಯ ಕಮಲಾಪುರದ ಕಡೆ ರೈತರಿಗೆ ಪೇ ಸ್ಲಿಪ್ಪೇ ಇಲ್ಲ. ತೊಗರಿ, ಕೆಂಪು ಬಾಳೆ, ಒಂದಿಷ್ಟು ಹೈನು. ದುಡ್ಡು ವರ್ಷಕ್ಕೊಮ್ಮೆ ರಾಶಿಯಾದ ಮೇಲೆ ಬರುತ್ತದೆ, ಕೋರ್ಟಿನಲ್ಲಿ ಮಾತ್ರ 'ಮಳೆ ಇಲ್ಲ, ಬೆಳೆ ಇಲ್ಲ' ಎಂಬ ಒಂದೇ ಸಾಲು. ಇಲ್ಲಿ ಹೆಂಡತಿಯ ಕಡೆಯವರು ಕೂಗಾಡಿ ಪ್ರಯೋಜನವಿಲ್ಲ, ಕಾಗದ ಬೇಕು. ಪಹಣಿಯಲ್ಲಿ ಎಷ್ಟು ಎಕರೆ, ಯಾವ ಬೆಳೆ ನಮೂದಾಗಿದೆ ಎಂಬುದು ಯಾರಿಗಾದರೂ ಸಿಗುತ್ತದೆ. ಅಡತಿ ಅಂಗಡಿಯ ಪಟ್ಟಿ, ಖರೀದಿ ಕೇಂದ್ರದಲ್ಲಿ ಮಾರಿದ್ದರೆ ಅದರ ಜಮಾ, ಬೆಳೆ ಸಾಲದ ಖಾತೆ ಇವನ್ನು ಹಾಜರುಪಡಿಸುವಂತೆ ಕೋರ್ಟನ್ನು ಕೇಳಬಹುದು. ಕೇಂದ್ರ ಸರ್ಕಾರದ ತೊಗರಿ ಬೆಂಬಲ ಬೆಲೆ 2020-21ರಲ್ಲಿ ಕ್ವಿಂಟಲಿಗೆ 6,000 ಇದ್ದದ್ದು 2025-26ಕ್ಕೆ 8,000 ಆಗಿದೆ. ಅಂದರೆ ಮೂರನೇ ಒಂದು ಭಾಗ ಏರಿದೆ. ತೊಗರಿಗೆ ಏರಿಕೆ ಬೇಕು ಎಂದು ನ್ಯಾಯವಾಗಿಯೇ ಕೇಳುವ ಮನೆ, ಸೊಸೆಗೆ 2020ರ ಅಂಕಿಯೇ ಸಾಕು ಎನ್ನುವುದು ಸರಿ ಕಾಣುವುದಿಲ್ಲ. ಬೆಂಬಲ ಬೆಲೆ ಏರಿದ ಮಾತ್ರಕ್ಕೆ ರೈತನ ಆದಾಯ ಏರಿತು ಎನ್ನಲಾಗದು, ಗೊಬ್ಬರ-ಕೂಲಿಯೂ ಏರಿವೆ ಎಂಬ ಆಕ್ಷೇಪ ನಿಜವಾದದ್ದೇ. 2022ರಲ್ಲಿ ನೆಟೆ ರೋಗ ಬಂದು ನಮ್ಮ ಜಿಲ್ಲೆಯ ತೊಗರಿ ಹೊಲಗಳು ನಿಂತಲ್ಲೇ ಒಣಗಿದ್ದನ್ನು ಯಾರೂ ಮರೆತಿಲ್ಲ. ಅಂಥ ವರ್ಷದಲ್ಲಿ ಕೊಡುವವನೂ ಕೋರ್ಟಿಗೆ ಹೋಗಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 127, ಪರಿಸ್ಥಿತಿ ಬದಲಾದರೆ ಮೊತ್ತವನ್ನು ಏರಿಸಲೂ ಇಳಿಸಲೂ ಬಾಗಿಲು ತೆರೆದಿದೆ. ಇಳಿಸಿ ಎಂದು ಕೇಳುವುದು ಹಕ್ಕಾದರೆ ಏರಿಸಿ ಎಂದು ಕೇಳುವುದೂ ಹಕ್ಕೇ.

'ಓದಿದ್ದಾಳೆ, ದುಡಿಯಲಿ' ಎಂಬುದು ಇನ್ನೊಂದು ಆಕ್ಷೇಪ. ದುಡಿಯುವ ಶಕ್ತಿ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿ, ಅದೊಂದೇ ಕಾರಣಕ್ಕೆ ಜೀವನಾಂಶ ಇಳಿಸಲಾಗದು ಎಂದಿದೆ. ಹಾಗೆಂದು ಖಾಸಗಿ ಶಾಲೆಯಲ್ಲೋ ನರ್ಸಿಂಗ್ ಹೋಮಿನಲ್ಲೋ ಪಡೆಯುವ ಸಂಬಳವನ್ನು ಮುಚ್ಚಿಡಬೇಡಿ. ಆಸ್ತಿ, ಆದಾಯ, ಖರ್ಚಿನ ಅಫಿಡವಿಟ್ ಈಗ ಎರಡೂ ಕಡೆಯವರು ಕೊಡಲೇಬೇಕು, ಒಂದು ಸುಳ್ಳು ಸಿಕ್ಕರೆ ಉಳಿದ ನಿಜಕ್ಕೂ ಬೆಲೆ ಹೋಗುತ್ತದೆ. ಗೃಹಲಕ್ಷ್ಮಿಯ 2,000 ಬರುತ್ತದಲ್ಲ ಎನ್ನುವವರೂ ಇದ್ದಾರೆ. ಅದು ರೇಷನ್ ಕಾರ್ಡಿನ ಯಜಮಾನಿಗೆ ಬರುವ ದುಡ್ಡು. ತವರಿಗೆ ಬಂದ ಮಗಳ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲೇ ಇದ್ದರೆ ಅವಳಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಕಮಲಾಪುರದಿಂದ ಕಲಬುರಗಿ ಕೋರ್ಟಿಗೆ ಬರಲು ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ಆದರೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ. ಅದನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಿರಿ.

ಹೆಚ್ಚಳದ ಅರ್ಜಿ ಹಾಕಿದರೆ ಮುಖ್ಯ ಕೇಸು ಇನ್ನಷ್ಟು ಎಳೆಯುತ್ತದೆ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ತಿಂಗಳಿಗೆ 500 ರೂಪಾಯಿ ಹೆಚ್ಚಳಕ್ಕಾಗಿ 20,000 ಫೀಸು ಕೊಟ್ಟರೆ ಅದು ಮರಳಿ ಬರಲು 40 ತಿಂಗಳು ಬೇಕು, ಅಂಥ ಅರ್ಜಿ ಬೇಡ. 2,000 ಏರುವ ಗಟ್ಟಿ ಕಾರಣವಿದ್ದರೆ ಹತ್ತೇ ತಿಂಗಳು. ಯಾವ ಬಾಗಿಲು ತಟ್ಟಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ. ಆದೇಶವೇ ತಪ್ಪು ಲೆಕ್ಕದ ಮೇಲೆ ನಿಂತಿದ್ದರೆ ಹೈಕೋರ್ಟಿನ ಕಲಬುರಗಿ ಪೀಠ, ಆದೇಶದ ನಂತರ ಪರಿಸ್ಥಿತಿ ಬದಲಾಗಿದ್ದರೆ ಅದೇ ಫ್ಯಾಮಿಲಿ ಕೋರ್ಟು. ಜೀವನಾಂಶದ ಲೆಕ್ಕ ಅರ್ಜಿಯ ದಿನದಿಂದ ಹಿಡಿಯುವಂಥದ್ದು, ಸುಮ್ಮನೆ ಕಳೆದ ತಿಂಗಳುಗಳು ತಿರುಗಿ ಬರುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ (ಹಳೆಯ 125) ಕೆಳಗಿನ ಬಾಕಿಗೆ ವಾರಂಟ್ ಕೇಳುವುದಾದರೆ ಬಾಕಿ ಬಿದ್ದ ಒಂದು ವರ್ಷದೊಳಗೇ ಕೇಳಬೇಕು. ಈ ಕಲಂ ಎಲ್ಲ ಧರ್ಮದವರಿಗೂ ಅನ್ವಯ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಈ ಹಕ್ಕಿದೆ ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಹಳೆಯ 125ನೇ ಕಲಂ ಕುರಿತು ಮತ್ತೊಮ್ಮೆ ಖಚಿತಪಡಿಸಿತು. ವಕೀಲರ ಫೀಸಿಗೆ ದಾರಿಯಿಲ್ಲವೆಂದು ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.