ಕಂತು ಬರುವ ಮುಂಚಿನ ಏಳು ತಿಂಗಳು

ವರದಿ ಕಳಿಸಿದ್ದು ಜನವರಿಯಲ್ಲಿ. ಅನುದಾನದ ಎರಡನೇ ಕಂತು ಖಾತೆಗೆ ಬಿದ್ದದ್ದು ಆಗಸ್ಟಿನಲ್ಲಿ. ನಡುವಿನ ಏಳು ತಿಂಗಳು ನಾನು ಸ್ವಸಹಾಯ ಸಂಘದಿಂದ 40,000 ರೂಪಾಯಿ ಎತ್ತಿ ಕೆಲಸ ನಡೆಸಿದೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 800, ಏಳು ತಿಂಗಳಿಗೆ 5,600. ಸರ್ಕಾರದ ಅನುದಾನ ಸಿಕ್ಕಿದೆ ಎಂದು ಓಣಿಯವರೆಲ್ಲ ಸಂತೋಷಪಟ್ಟ ವರ್ಷದಲ್ಲೇ ನಾನು ಮೊದಲ ಸಲ ಸಾಲಗಾರಳಾದೆ.

ನನ್ನ ತವರು ಶಹಾಬಾದ, ಕೊಟ್ಟ ಮನೆ ಸೇಡಂ. ಅಪ್ಪ ಪರಸಿ, ಅಂದರೆ ಹಾಸುಗಲ್ಲಿನ ಖಣಿಯಲ್ಲಿ ದುಡಿದವರು. ಇತಿಹಾಸದಲ್ಲಿ ಎಂ.ಎ. ಮಾಡಿ ಹಲವು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ; ಆ ಕೆಲಸ ನಿಂತ ಮೇಲೆ ಯಾವ ಸಂಸ್ಥೆಯ ಹಂಗೂ ಇಲ್ಲದೆ ಓದು-ಬರಹ ಮುಂದುವರಿಸಿದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಪರಸಿ ಖಣಿಗಳಲ್ಲಿ ದುಡಿದವರ ಬದುಕನ್ನೂ ಅವರ ಕೆಲಸದ ಮಾತನ್ನೂ ದಾಖಲಿಸಬೇಕೆಂಬುದು ನನ್ನ ಆಸೆ. ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ಐದೂ ಕಲೆತ ಮಾತು ಅದು. ಶಹಾಬಾದ ಕಲ್ಲು ಎಂದು ದೇಶವೆಲ್ಲ ಹೆಸರು ಮಾಡಿದ ಆ ಹಾಸುಗಲ್ಲು ನಮ್ಮಲ್ಲಿ ನೆಲಕ್ಕೂ ಹೌದು, ಗೋಡೆಗೂ ಹೌದು, ಮಾಳಿಗೆಗೂ ಹೌದು. ಅದನ್ನು ಎಬ್ಬಿಸಿ ಕೊಟ್ಟವರ ಬಗ್ಗೆ ಮಾತ್ರ ನಮ್ಮ ಪುಸ್ತಕಗಳಲ್ಲಿ ಒಂದು ಪುಟವೂ ನನಗೆ ಸಿಕ್ಕಿರಲಿಲ್ಲ.

ಮೊದಲ ಅರ್ಜಿ ವಾಪಸ್ ಬಂತು. ಅನುದಾನ ಕೊಡುವ ಸಂಸ್ಥೆ 'ಸಂಯೋಜಿತ ಸಂಸ್ಥೆಯ ಪತ್ರವಿಲ್ಲ' ಎಂದು ಬರೆದಿತ್ತು. ಪತ್ರಕ್ಕಾಗಿ ಒಂದು ಕಾಲೇಜಿಗೆ ನಾಲ್ಕು ಸಲ ಅಲೆದೆ. 'ನೀವು ನಮ್ಮ ಸಿಬ್ಬಂದಿ ಅಲ್ಲಲ್ರೀ' ಎಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಅರ್ಜಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪೊಂದಿತ್ತು, ಅದನ್ನು ಯಾರೂ ಹೇಳಲಿಲ್ಲ: ನಾನು ಯೋಜನೆಗೆ ಅರ್ಜಿ ಹಾಕಿದ್ದೆ, ನನಗೆ ಬೇಕಾಗಿದ್ದದ್ದು ಫೆಲೋಶಿಪ್.

ಈ ಎರಡರ ವ್ಯತ್ಯಾಸ ಸಂಬಳವಿಲ್ಲದವರಿಗೆ ಜೀವನದ ಪ್ರಶ್ನೆ. ಯೋಜನೆಯ ಹಣ ಕೆಲಸಕ್ಕೆ ಬರುತ್ತದೆ: ಓಡಾಟ, ಪುಸ್ತಕ, ಉಪಕರಣ, ಸಹಾಯಕರು. ಅರ್ಜಿದಾರರಿಗೆ ಬೇರೆ ಕಡೆ ಸಂಬಳ ಇದೆ ಎಂದು ಗಟ್ಟಿಯಾಗಿ ನಂಬಿಯೇ ಆ ನಮೂನೆ ತಯಾರಾಗಿರುತ್ತದೆ. ಫೆಲೋಶಿಪ್ ಹಣ ಮನುಷ್ಯರಿಗೆ ಬರುತ್ತದೆ. ಮನೆ ಬಾಡಿಗೆಗೂ ಜೋಳಕ್ಕೂ ಅದನ್ನು ಬಳಸಬಹುದು. 1969ರಲ್ಲಿ ಹುಟ್ಟಿದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, 1972ರ ಭಾರತೀಯ ಇತಿಹಾಸ ಸಂಶೋಧನಾ ಮಂಡಳಿ, ಎರಡರಲ್ಲೂ ಹಲವು ಬಗೆಯ ನೆರವುಗಳಿವೆ. ಯಾವುದಕ್ಕೆ ಸಂಸ್ಥೆಯ ಪತ್ರ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮೊದಲು ಓದಿ, ಶೀರ್ಷಿಕೆಯನ್ನು ಆಮೇಲೆ ಯೋಚಿಸಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ಟ್ಯಾಗೋರ್ ಫೆಲೋಶಿಪ್ ಮೊತ್ತ ದೊಡ್ಡದು, ತಿಂಗಳಿಗೆ 80,000. ಆದರೆ ಸಚಿವಾಲಯ ಗುರುತಿಸಿದ ಸಂಸ್ಥೆಯೊಂದರ ಜೊತೆ ಕೂತು ಕೆಲಸ ಮಾಡಬೇಕು. ಸೇಡಂ ಬಿಟ್ಟು ಹೋಗಲಾಗದ ನನ್ನಂಥವರಿಗೆ ಅದು ದೂರದ ಮಾತು. ಅದೇ ಸಚಿವಾಲಯದ ಸೀನಿಯರ್ ಮತ್ತು ಜೂನಿಯರ್ ಫೆಲೋಶಿಪ್ ನಮಗೆ ಹತ್ತಿರದ್ದು. 40 ದಾಟಿದವರಿಗೆ ತಿಂಗಳಿಗೆ 20,000, 25ರಿಂದ 40ರವರಿಗೆ 10,000. ಎರಡು ವರ್ಷ, ಆರಾರು ತಿಂಗಳ ನಾಲ್ಕು ಕಂತು. ಶಾಸನಶಾಸ್ತ್ರ, ನಾಣ್ಯಶಾಸ್ತ್ರ, ಸಂಸ್ಕೃತಿಯ ಸಮಾಜಶಾಸ್ತ್ರದಂಥ ವಿಷಯಗಳಿಗೂ ಅಲ್ಲಿ ಜಾಗವಿದೆ. ಅರ್ಜಿ ಹಾಕುವ ವರ್ಷದ ಪ್ರಕಟಣೆಯಲ್ಲಿ ಮೊತ್ತವನ್ನೂ ವಯಸ್ಸನ್ನೂ ಇನ್ನೊಮ್ಮೆ ನೋಡಿಕೊಳ್ಳಿ.

ಈಗ ಲೆಕ್ಕಕ್ಕೆ ಬನ್ನಿ. ತಿಂಗಳಿಗೆ 20,000 ಎಂದು ಓದಿದ ಕೂಡಲೇ ಮನಸ್ಸು ಅದನ್ನು ಪಗಾರ ಅಂದುಕೊಂಡುಬಿಡುತ್ತದೆ. ಅದು ಒಂದನೇ ತಾರೀಖಿಗೆ ಬರುವ ದುಡ್ಡಲ್ಲ. ಆರು ತಿಂಗಳದ್ದು ಒಟ್ಟಿಗೆ 1,20,000. ಮುಂದಿನದ್ದು ವರದಿ ಒಪ್ಪಿಗೆಯಾದ ಮೇಲೆ. ವರದಿ ಕಳಿಸಿದ ದಿನಕ್ಕೂ ದುಡ್ಡು ಬಂದ ದಿನಕ್ಕೂ ನಡುವೆ ಎಷ್ಟು ತಿಂಗಳಾಗುತ್ತದೋ ಅಷ್ಟು ತಿಂಗಳ ಮನೆ ಖರ್ಚು ಮೊದಲೇ ಕೈಯಲ್ಲಿರಬೇಕು. ಇದಕ್ಕೆ ನಾನು ನಡುಗಾಲದ ದುಡ್ಡು ಎನ್ನುತ್ತೇನೆ. ಮನೆಗೆ ತಿಂಗಳಿಗೆ 15,000 ಬೇಕೆಂದರೆ ಆರು ತಿಂಗಳಿಗೆ 90,000. ಅದು ಇಲ್ಲದೆ ಅರ್ಜಿ ಹಾಕಬೇಡಿ ಎಂದು ಹೇಳಲಾರೆ. ಹಾಗೆ ಹೇಳಿದರೆ ನಮ್ಮ ಭಾಗದಿಂದ ಒಬ್ಬರೂ ಅರ್ಜಿ ಹಾಕುವಂತಿಲ್ಲ. ಅರ್ಜಿ ಹಾಕಿದ ದಿನದಿಂದಲೇ ಅದನ್ನು ಕೂಡಿಡಲು ಶುರು ಮಾಡಿ. ಉತ್ತರ ಬರುವಷ್ಟರಲ್ಲಿ ಹೇಗೂ ಬಹಳ ತಿಂಗಳು ಕಳೆದಿರುತ್ತವೆ.

ನನಗೆ ಕೊನೆಗೆ ಸಿಕ್ಕಿದ್ದು ಬೇರೊಂದು ಸಣ್ಣ ಅನುದಾನ. ಒಂದೂವರೆ ಲಕ್ಷ, ಮೂರು ಕಂತು: 60,000, 60,000, ಅಂತಿಮ ವರದಿಯ ನಂತರ 30,000. ಕೊನೆಯ ಕಂತು ವರದಿ ಒಪ್ಪಿದ ಮೇಲೆ ಬರುತ್ತದೆ ಎಂದರೆ ಆ 30,000 ರೂಪಾಯಿಯನ್ನು ನಾನು ಮೊದಲು ಕೈಯಿಂದ ಹಾಕಬೇಕು ಎಂದರ್ಥ. ಮಂಜೂರಾತಿ ಪತ್ರ ಮೂರು ಸಲ ಓದಿದರೂ ಇದು ನನಗೆ ಹೊಳೆಯಲಿಲ್ಲ. ಇನ್ನೊಂದು ಷರತ್ತೂ ಅದರಲ್ಲಿತ್ತು: ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದರೆ ಅದನ್ನು ಸರ್ಕಾರಕ್ಕೆ ಮರಳಿಸಬೇಕು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳೂ ಇದನ್ನೇ ಹೇಳುತ್ತವೆ. ನ್ಯಾಯವಾದದ್ದೇ; ಅದು ಜನರ ದುಡ್ಡು. ಆದರೆ ಕಂತು ತಡವಾದಾಗ ನಾನು ಕಟ್ಟಿದ 5,600 ಬಡ್ಡಿಯನ್ನು ತೋರಿಸಲು ಯಾವ ಬಾಬೂ ಇರಲಿಲ್ಲ. ಇದು ಬದಲಾಗಬೇಕು.

ತಡವಾಗುವುದು ಬರೀ ದುಡ್ಡಲ್ಲ. ಖಣಿಯಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಕೆಲಸ ಇಳಿಯುತ್ತದೆ, ಜನ ಚದುರುತ್ತಾರೆ. ತೊಗರಿ ರಾಶಿಯ ಹೊತ್ತಿಗೆ ಕೆಲವರು ಹೊಲಕ್ಕೆ ಹೋಗಿಬಿಡುತ್ತಾರೆ. ನನಗೆ ಅವರು ಸಿಗುವುದು ರಾಶಿ ಮುಗಿದ ಮೇಲೆ, ಮಳೆ ಬೀಳುವ ಮುಂಚೆ. ಜನವರಿಯಲ್ಲಿ ಬರಬೇಕಾದ ದುಡ್ಡು ಆಗಸ್ಟಿಗೆ ಬಂದರೆ ಖಣಿಯಲ್ಲಿ ಕಾಣುವುದು ನೀರು. ಅದಕ್ಕೇ ಸಾಲ ಮಾಡಿ ಬೇಸಿಗೆಯಲ್ಲೇ ಹೋದೆ. ನೀವು ಅರ್ಜಿಯಲ್ಲಿ ಕೆಲಸದ ವೇಳಾಪಟ್ಟಿ ಬರೆಯುವಾಗ ಮೊದಲ ಕಂತಿನಲ್ಲೇ ಹೊರಗಿನ ಓಡಾಟ ಮುಗಿಯುವಂತೆ ಹೊಂದಿಸಿ. ಮನೆಯಲ್ಲಿ ಕೂತು ಬರೆಯುವ ಕೆಲಸ ದುಡ್ಡಿಗೆ ಕಾಯಬಲ್ಲದು.

ಆ ಬೇಸಿಗೆಯ ಒಂದು ಬೆಳಗು ಹೇಳಬೇಕು. ಶಹಾಬಾದ ಹತ್ತಿರದ ಒಂದು ಖಣಿ. ಅರವತ್ತು ದಾಟಿದ ಅಮ್ಮ ಒಬ್ಬರು ಚೂರುಗಲ್ಲಿನ ರಾಶಿಯ ಮೇಲೆ ಕುಂತಿದ್ದರು. ಪರಸಿಯೊಂದನ್ನು ನಿಲ್ಲಿಸಿ ಸುತ್ತಿಗೆಯ ಹಿಂಬದಿಯಿಂದ ಎರಡು ಸಲ ಮೆಲ್ಲಗೆ ತಟ್ಟಿ, ಕಿವಿ ಕೊಟ್ಟು ಕೇಳಿ, ಬದಿಗೆ ಸರಿಸಿದರು. ಇನ್ನೊಂದನ್ನು ತಟ್ಟಿದರು, ಅದು ಕಂಚಿನ ತಾಟಿನಂತೆ ನುಡಿಯಿತು. ಮೊದಲಿನದರಲ್ಲಿ ಕಣ್ಣಿಗೆ ಕಾಣದ ಬಿರುಕು ಇತ್ತಂತೆ. ಎರಡು ತಾಸು ನನ್ನ ಮುಂದೆ ಕುಂತು ಎಲ್ಲ ಹೇಳಿದರು. ನಾನು ರೆಕಾರ್ಡರ್ ಚೀಲದಲ್ಲಿಟ್ಟಾಗ ಕೇಳಿದರು: 'ಇವತ್ತಿನ ಪಗಾರ ಹೋಯ್ತು ನೋಡವ್ವ. ನಿನಗ ಸರಕಾರ ಕೊಡ್ತದ, ನನಗ ಯಾರ್ ಕೊಡ್ತಾರ?'

400 ರೂಪಾಯಿ ಕೊಟ್ಟೆ. ಆವತ್ತಿನಿಂದ ಮಾತಾಡಿದ 32 ಮಂದಿಗೂ ಒಂದೊಂದು ದಿನದ ಕೂಲಿ ಕೊಟ್ಟೆ, ಒಟ್ಟು 12,800. ರಸೀದಿಗೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡಿದ್ದೆ. ವರ್ಷದ ಕೊನೆಗೆ ಆಡಿಟರ್ ಆ ಕಟ್ಟನ್ನು ಬದಿಗಿಟ್ಟರು: 'ಮಂಜೂರಾದ ಬಜೆಟ್ಟಿನಲ್ಲಿ ಈ ಬಾಬು ಇಲ್ಲ ಮೇಡಂ.' ಪುಸ್ತಕದ ಬಾಬಿನಲ್ಲಿ ಉಳಿದ ದುಡ್ಡನ್ನು ಇದಕ್ಕೆ ತಿರುಗಿಸಿಕೊಡಿ ಎಂದು ಪತ್ರ ಬರೆದೆ. ಖರ್ಚು ಮಾಡುವ ಮುಂಚೆ ಅನುಮತಿ ಕೇಳಬೇಕಿತ್ತು ಎಂಬ ಉತ್ತರ ಬಂತು. 12,800 ನನ್ನದೇ ಆಯಿತು. ಕೊಟ್ಟದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಕೇಳದೆ ಹೋದದ್ದಕ್ಕೆ ಇದೆ.

ಮಿಕ್ಕ ಕಾಗದಪತ್ರದ ಮಾತು ಬೇಗ ಹೇಳಿಬಿಡುತ್ತೇನೆ. ಅನುದಾನಕ್ಕೆ ಬೇರೆ ಖಾತೆ ತೆರೆಯಿರಿ, ಮನೆ ದುಡ್ಡು ಅದರಲ್ಲಿ ಕಲೆಸಬೇಡಿ. ಬಳಕೆ ಪ್ರಮಾಣಪತ್ರ ಯಾವ ನಮೂನೆಯಲ್ಲಿ ಬೇಕು, ಲೆಕ್ಕ ಪರಿಶೋಧಕರ ಸಹಿ ಬೇಕೇ ಎಂದು ಮೊದಲ ದಿನವೇ ಕೇಳಿ. ಆಡಿಟರ್ ಫೀ ಕೂಡ ಬಜೆಟ್ಟಿನಲ್ಲಿ ಬರೆಯಿರಿ. 5,000 ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಹಚ್ಚಬೇಕು. ಟಿಡಿಎಸ್ ಮುರಿದುಕೊಂಡಿದ್ದರೆ ರಿಟರ್ನ್ ಹಾಕದ ಹೊರತು ಅದು ವಾಪಸ್ ಬರುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಾದ ನಮಗೆ ಬಸ್ಸು ಉಚಿತ. ರೈಲೇ ಇಲ್ಲದ ಚಿಂಚೋಳಿಗೆ ನಾನು ಹೋದದ್ದೆಲ್ಲ ಹಾಗೆಯೇ. ಆ ಶೂನ್ಯ ಟಿಕೆಟ್ಟುಗಳನ್ನು ಎಸೆಯದೆ ತಾರೀಖಿನ ಪ್ರಕಾರ ಅಂಟಿಸಿಟ್ಟೆ. ದುಡ್ಡು ಕೇಳಲು ಬಾರದಿದ್ದರೂ ಯಾವ ದಿನ ಯಾವ ಊರಲ್ಲಿದ್ದೆ ಎಂಬುದಕ್ಕೆ ಅವೇ ಸಾಕ್ಷಿಯಾದವು. ಬಸ್ಸಿಳಿದ ಮೇಲೆ ಖಣಿಯವರೆಗೆ ಹೋಗುವ ಆಟೋಗೆ ರಸೀದಿ ಸಿಗುವುದಿಲ್ಲ. ದಿನವೂ ರಾತ್ರಿ ದೂರ, ದರ ಬರೆದು ಸಹಿ ಹಾಕಿಟ್ಟೆ, ಅದನ್ನು ಒಪ್ಪಿದರು. ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರಕ್ಕೆ ಹೋಗುವವರು ಬೇರೊಂದು ಖರ್ಚು ನೆನಪಿಡಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು, ನಿಜಾಮರ ಕಾಲದ ಕಡತಗಳು ಉರ್ದು, ಫಾರಸಿಯಲ್ಲಿವೆ. ರೈಲಿನ ಚಾರ್ಜಿಗಿಂತ ಓದಿ ಹೇಳುವವರ ಗೌರವಧನ ಹೆಚ್ಚಾಗುತ್ತದೆ.

ಬಜೆಟ್ಟು ಬರೆಯಲು ಕುಂತಾಗಲೆಲ್ಲ ನನಗೆ ನಾಗಾವಿ ನೆನಪಾಗುತ್ತದೆ. ಚಿತ್ತಾಪುರದ ಮಗ್ಗುಲಲ್ಲೇ ಇರುವ ಊರು, ಅರವತ್ತು ಕಂಬದ ಗುಡಿ ಇರುವ ಊರು. ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರಕ್ಕೆ ದತ್ತಿ ಬಿಟ್ಟ. 1058ರ ಶಾಸನದಲ್ಲಿ ವೇದ ಓದುವ 200 ಮಂದಿಯ ಲೆಕ್ಕವಿದೆ, ಶಾಸ್ತ್ರ ಓದುವವರ ಲೆಕ್ಕವಿದೆ, ಕಲಿಸುವವರ ಲೆಕ್ಕವಿದೆ. ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದಾರೆ. ಕಲಿಸುವವರಿಗೂ ಭಂಡಾರಿಗರಿಗೂ ಹೊಲ ಬಿಟ್ಟಿದ್ದಾರೆ. ಆ ಕಾಲದ ವಿದ್ಯೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ನನಗೆ ಗೊತ್ತು. ನಮ್ಮಪ್ಪನಂಥವರ ಹಿರಿಯರು ಆ ಸಾಲೆಯ ಒಳಗೆ ಬಂದವರಲ್ಲ. ಆದರೂ ಆ ಕಲ್ಲಿನ ಲೆಕ್ಕ ನನಗೆ ಹಿಡಿಸುತ್ತದೆ. ಪುಸ್ತಕ ಇದ್ದರೆ ಸಾಲದು, ಅದನ್ನು ಕಾಯುವವನು ಉಣ್ಣಬೇಕು ಎಂದು ಬರೆದವನಿಗೆ ತಿಳಿದಿತ್ತು.

ಈ ವರ್ಷ ಮತ್ತೆ ಅರ್ಜಿ ತುಂಬುತ್ತಿದ್ದೇನೆ. ಹಿಂದಿನ ಸಲ ಶೀರ್ಷಿಕೆಯಲ್ಲಿ ಇಡೀ ಕಲ್ಯಾಣ ಕರ್ನಾಟಕವೇ ಇತ್ತು. ಈ ಸಲ ಹನ್ನೆರಡು ಖಣಿ, ಐವತ್ತು ಮಂದಿ. ಬಜೆಟ್ಟಿನ ಮೊದಲ ಸಾಲಿನಲ್ಲಿ 'ಮಾಹಿತಿ ಕೊಟ್ಟವರಿಗೆ ಒಂದು ದಿನದ ಕೂಲಿ, 50 ಮಂದಿಗೆ ತಲಾ 400, ಒಟ್ಟು 20,000' ಎಂದು ಬರೆದು, ಯಾಕೆ ಬೇಕು ಎಂಬುದನ್ನು ಕೆಳಗೆ ನಾಲ್ಕು ಸಾಲಿನಲ್ಲಿ ವಿವರಿಸಿದ್ದೇನೆ. ಸಂಘದ ಸಾಲ ತೀರಿದೆ. ಅಂಚೆ ಕಚೇರಿಯ ಆರ್‌ಡಿಯಲ್ಲಿ ತಿಂಗಳಿಗೆ 2,000 ಹಾಕುತ್ತಾ ಬಂದಿದ್ದೇನೆ, ಹದಿನಾಲ್ಕು ತಿಂಗಳಾಯಿತು, 28,000 ಕೂಡಿದೆ. ಅದರ ಪಾಸ್‌ಬುಕ್ಕಿನ ಮೇಲೆ ಪೆನ್ಸಿಲಿನಲ್ಲಿ 'ನಡುಗಾಲ' ಎಂದು ಬರೆದಿಟ್ಟಿದ್ದೇನೆ.